ಸೂತ್ರ ಬಿಸಾಡಿದ ಸಾಲು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಧ್ಯಾನ ಕಲಿಸುತ್ತಿರಲಿಲ್ಲ. ವೆಬ್ ಪುಟಗಳಿಂದ ಬೇಕಾದ ಮಾಹಿತಿಯನ್ನು ಹೆಕ್ಕಿ ತೆಗೆಯುವ ವಿದ್ಯೆ ಕಲಿಸುತ್ತಿದ್ದರು. ಧ್ಯಾನಕ್ಕಿಂತ ಇದಕ್ಕೇ ಹೆಚ್ಚು ತಾಳ್ಮೆ ಬೇಕು ಎಂದು ಎರಡನ್ನೂ ಮಾಡಿ ನೋಡಿದವರು ಹೇಳುತ್ತಿದ್ದರು.

ಗುರುವಿನ ಹೆಸರು ನಿರ್ವಾಣಯ್ಯ. ಅವರು ಅನುಮಾನಪಡದ ವಸ್ತು ಲೋಕದಲ್ಲಿ ಇರಲಿಲ್ಲ. ಹಾಲು ಕೊಟ್ಟರೆ ಮೂಸಿ ನೋಡುತ್ತಿದ್ದರು. ಯಾರಾದರೂ ಕಾಲಿಗೆ ಬಿದ್ದು ಎದ್ದರೆ, ಚಪ್ಪಲಿ ಇದ್ದಲ್ಲೇ ಇದೆಯೇ ಎಂದು ತಡಕಿ ನೋಡುತ್ತಿದ್ದರು.

ತಡಕಬೇಕಾಗಿತ್ತು. ಈಚೆಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತೆಗೆಸೋಣವೆಂದರೆ ಡಾಕ್ಟರ ಮೇಲೂ ಅನುಮಾನ.

ಆಶ್ರಮದ ಎದುರಿಗೆ, ಹೊಳೆಯ ನಡುವೆ, ಒಂದು ನಡುಗಡ್ಡೆ. ಸುತ್ತಲಿನ ಊರುಗಳಲ್ಲಿ ಹುಲ್ಲು ಒಣಗಿದರೂ ಅಲ್ಲಿ ಹಸಿರು ಉಳಿಯುತ್ತಿತ್ತು. ಕುರಿಗಾರ್ತಿ ಲಗಮವ್ವ ತನ್ನ ಮನೆಯವರನ್ನೂ ಕುರಿಗಳನ್ನೂ ಕರೆದುಕೊಂಡು ಅಲ್ಲಿಯೇ ಗುಡಾರ ಹಾಕಿದ್ದಳು. ಮೊಣಕಾಲುದ್ದದ ನೀರಿನಲ್ಲಿ ನಡೆದುಕೊಂಡೇ ಹೋಗಬಹುದು, ಬರಬಹುದು.

ಮೇಲೆ ದೂರದಲ್ಲಿ ಒಂದು ಅಣೆಕಟ್ಟೆ ಇತ್ತು. ಅದರ ಗೇಟು ತೆರೆದರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನಡುಗಡ್ಡೆಯೂ ಇಲ್ಲ.

ಎಷ್ಟು ನೀರು ಬಿಟ್ಟಿದ್ದೇವೆಂದು ಅಣೆಕಟ್ಟೆಯ ಕಚೇರಿಯವರು ದಿನವೂ ತಮ್ಮ ವೆಬ್ ಪುಟದಲ್ಲಿ ಹಾಕುತ್ತಿದ್ದರು. ಅದನ್ನು ನೋಡಿ ಆಶ್ರಮದವರು ದಡದ ಬೇವಿನ ಮರಕ್ಕೆ ಬಟ್ಟೆ ಕಟ್ಟುತ್ತಿದ್ದರು. ಬಿಳಿ ಬಟ್ಟೆ ಇದ್ದರೆ ಇರಬಹುದು. ಕೆಂಪು ಬಟ್ಟೆ ಕಂಡರೆ ಎದ್ದು ಬರಬೇಕು.

ಫೋನು ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಡುಗಡ್ಡೆಯಲ್ಲಿ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಇದ್ದ ಕಡೆ ಹುಲ್ಲಿರಲಿಲ್ಲ.

ಕಣ್ಣು ಕಾಣುವವರೆಗೆ ಪುಟವನ್ನು ಗುರುವೇ ಓದುತ್ತಿದ್ದರು. ಆಮೇಲೆ ಆ ಕೆಲಸ ಪ್ರಮಥನೆಂಬ ಶಿಷ್ಯನಿಗೆ ಬಂತು.

ಪ್ರಮಥ ಚುರುಕು. ಒಂದೇ ಕೆಲಸವನ್ನು ಎರಡನೆಯ ಸಲ ಮಾಡಬೇಕಾದರೆ ಅವನಿಗೆ ಅವಮಾನವಾಗುತ್ತಿತ್ತು.

"ಗುರುಗಳೇ, ದಿನಾ ಪುಟ ಓದುವುದು ಬೇಕಿಲ್ಲ. ನಾನೊಂದು ಸೂತ್ರ ಬರೆಯುತ್ತೇನೆ. ಅದೇ ಓದಿಕೊಳ್ಳುತ್ತದೆ."

ಪೇಟೆಯಲ್ಲಿ ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎನ್ನುತ್ತಾರೆ. ಬೇಕಾದದ್ದು ಪುಟದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಚುಕ್ಕಿ, ನಕ್ಷತ್ರ, ಕಂಸಗಳಲ್ಲಿ ಬರೆದುಕೊಟ್ಟರೆ, ಯಂತ್ರ ಪುಟವನ್ನೆಲ್ಲ ಜಾಲಾಡಿ ಆ ಆಕಾರದ್ದನ್ನು ಹಿಡಿದು ತರುತ್ತದೆ. ಆಶ್ರಮದಲ್ಲಿ ಅದನ್ನು ಸೂತ್ರ ಎನ್ನುತ್ತಿದ್ದರು. ಒಂದೇ ಸಾಲಿನದು, ಓದಿದವರಿಗೆ ಅರ್ಥವಾಗದ್ದು, ಬರೆದವನಿಗೂ ಮರುವಾರ ಅರ್ಥವಾಗದ್ದು. ಹೆಸರು ಸರಿಯಾಗಿಯೇ ಇತ್ತು.

"ನಿನ್ನ ಸೂತ್ರ ಏನನ್ನು ಹುಡುಕುತ್ತದೆ?" ಗುರು ಕೇಳಿದರು.

"ಹೊರಹರಿವು ಎಂಬ ಪದವನ್ನು. ಅದಾದ ಮೇಲೆ ಒಂದು ಚುಕ್ಕಿ, ಒಂದು ನಕ್ಷತ್ರ. ಆಮೇಲೆ ಸಿಗುವ ಮೊದಲ ಸಂಖ್ಯೆಯನ್ನು ಹಿಡಿಯುತ್ತದೆ."

"ಚುಕ್ಕಿ ಎಂದರೆ?"

"ಏನಾದರೂ ಇರಲಿ ಎಂದು."

"ನಕ್ಷತ್ರ ಎಂದರೆ?"

"ಎಷ್ಟಾದರೂ ಇರಲಿ ಎಂದು."

"ಏನಾದರೂ ಇರಲಿ, ಎಷ್ಟಾದರೂ ಇರಲಿ." ಗುರು ನಿಧಾನವಾಗಿ ಹೇಳಿಕೊಂಡರು. "ಇಷ್ಟು ಧಾರಾಳಿಯನ್ನು ನಾನು ಮನೆಯೊಳಗೆ ಬಿಡುವುದಿಲ್ಲ."

"ಪಕ್ಕದಲ್ಲೇ ಹೆಸರು ಬರೆದಿದೆಯಲ್ಲ, ಗುರುಗಳೇ. ಹೊರಹರಿವು ಎಂದು."

"ಹೆಸರು ಬರೆದಿದೆ ಎಂದ ಮೇಲೆ ಮುಗಿಯಿತು. ಅಡುಗೆಮನೆಗೆ ಹೋಗು. ಚಹಾಪುಡಿ ಎಂದು ಬರೆದ ಡಬ್ಬಿ ತಾ."

ಪ್ರಮಥ ತಂದ. ಗುರು ಮುಚ್ಚಳ ತೆಗೆಯಲು ಹೇಳಿದರು. ಒಳಗೆ ಹುಣಸೆಹಣ್ಣು ಇತ್ತು.

ಪ್ರಮಥ ಅಡುಗೆಯ ರಾಚಯ್ಯನನ್ನು ಕರೆದ. "ಚಹಾಪುಡಿ ಎಲ್ಲಿ?"

"ಬಿಸ್ಕತ್ತಿನ ಡಬ್ಬಿಯಲ್ಲಿದೆ," ಎಂದ ರಾಚಯ್ಯ.

"ಹಾಗಾದರೆ ಬಿಸ್ಕತ್ತು?"

"ಆಶ್ರಮದಲ್ಲಿ ಬಿಸ್ಕತ್ತು ಎಲ್ಲಿಂದ ಬರಬೇಕು, ತಮ್ಮಾ? ಡಬ್ಬಿ ಯಾರೋ ಭಕ್ತರು ಖಾಲಿ ಮಾಡಿ ಕೊಟ್ಟದ್ದು."

ಪ್ರಮಥ ಗುರುವಿನ ಕಡೆ ತಿರುಗಿದ. "ಅಡುಗೆಮನೆ ಬೇರೆ, ಸರ್ಕಾರದ ಪುಟ ಬೇರೆ, ಗುರುಗಳೇ."

"ಹೌದು," ಎಂದರು ಗುರು. "ಅಡುಗೆಮನೆಯಲ್ಲಿ ಕೇಳಿದರೆ ಹೇಳುವವರಿದ್ದಾರೆ."

ಪ್ರಮಥ ಇದನ್ನು ಆಶೀರ್ವಾದವೆಂದು ತಿಳಿದು ಸೂತ್ರವನ್ನು ಓಡಿಸಿದ.

ಸೂತ್ರ ಚೆನ್ನಾಗಿಯೇ ಓಡಿತು. ಬೆಳಿಗ್ಗೆ ಒಂದು ಸಂಖ್ಯೆ ತರುತ್ತಿತ್ತು, ಮಧ್ಯಾಹ್ನ ಒಂದು ತರುತ್ತಿತ್ತು. ಸಂಖ್ಯೆ ಚಿಕ್ಕದಿದ್ದರೆ ಯಂತ್ರ "ಬಿಳಿ" ಎನ್ನುತ್ತಿತ್ತು, ದೊಡ್ಡದಿದ್ದರೆ "ಕೆಂಪು" ಎನ್ನಬೇಕಿತ್ತು. ಪ್ರಮಥ ಮೊದಲ ಕೆಲವು ದಿನ ಪುಟವನ್ನೂ ತೆರೆದು ಸರಿ ನೋಡಿದ. ಎರಡೂ ಒಂದೇ ಇದ್ದವು. ಆಮೇಲೆ ಪುಟ ತೆರೆಯುವುದನ್ನು ಬಿಟ್ಟ. ಅದೇ ತಾನೇ ಸೂತ್ರದ ಉದ್ದೇಶ.

"ಇವತ್ತು ಏನು ಬಂತು?" ಗುರು ದಿನವೂ ಕೇಳುತ್ತಿದ್ದರು.

"ಬಿಳಿ, ಗುರುಗಳೇ."

"ನೋಡಿದೆಯಾ?"

"ಬಂತು, ಗುರುಗಳೇ."

"ಬಂತೇ ಎಂದು ಕೇಳಲಿಲ್ಲ."

ವಯಸ್ಸಾದವರಿಗೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವ ಅಭ್ಯಾಸವಿರುತ್ತದೆ ಎಂದು ಪ್ರಮಥ ಸಹಿಸಿಕೊಂಡಿದ್ದ.

ಒಂದು ದಿನ ಬೆಳಿಗ್ಗೆ ಯಂತ್ರ "ಕೆಂಪು" ಎಂದಿತು.

ಪ್ರಮಥ ಸಂಖ್ಯೆ ಎಷ್ಟೆಂದು ನೋಡಲೂ ನಿಲ್ಲಲಿಲ್ಲ. ಓಡಿಹೋಗಿ ಬೇವಿನ ಮರದ ಬಿಳಿ ಬಟ್ಟೆ ಕಿತ್ತು ಕೆಂಪು ಕಟ್ಟಿದ. ಆಚೆ ನಡುಗಡ್ಡೆಯಲ್ಲಿ ಕೂಗಾಟ ಎದ್ದಿತು. ಗುಡಾರ ಬಿಚ್ಚಿದರು. ಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡರು. ಕುರಿಗಳನ್ನು ನೀರಿಗಿಳಿಸಿ, ಬೈದು, ದೂಡಿ, ದಡಕ್ಕೆ ತಂದರು.

ದಡದಲ್ಲಿ ಕೂತು ಎಲ್ಲರೂ ನೀರು ಬರುವುದನ್ನು ಕಾದರು.

ನೀರು ಬರಲಿಲ್ಲ.

ಸಂಜೆಯ ಹೊತ್ತಿಗೆ ಹೊಳೆ ಬೆಳಿಗ್ಗೆಗಿಂತ ಸ್ವಲ್ಪ ತಗ್ಗಿದ ಹಾಗೆಯೇ ಕಂಡಿತು. ಆಗ ಲಗಮವ್ವ ಆಶ್ರಮಕ್ಕೆ ಬಂದಳು.

"ಅಜ್ಜಾರ, ಎಲ್ಲೈತಿ ನಿಮ್ಮ ನೀರು?"

ಗುರು ಪ್ರಮಥನತ್ತ ಮುಖ ಮಾಡಿದರು. ಪ್ರಮಥ ಪುಟ ತೆರೆದು ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಪುಟದ ನೆತ್ತಿಯ ಮೇಲೆ ಒಂದು ಸಾಲು ಬಲದಿಂದ ಎಡಕ್ಕೆ ತೆವಳುತ್ತಿತ್ತು. ಸರ್ಕಾರದ ಪುಟಗಳಲ್ಲಿ ಇರುತ್ತದಲ್ಲ, ಅಂಥದ್ದು. ಎಲ್ಲರಿಗೂ ಸ್ವಾಗತ, ಹಬ್ಬದ ಶುಭಾಶಯ, ಮಾನ್ಯರ ಆಗಮನ. ಅವತ್ತು ಅದರಲ್ಲಿ ಹೊಸ ಮಾತೊಂದು ಸೇರಿತ್ತು. ಹೊರಹರಿವು ನೋಡಲು ಬನ್ನಿ, ಉದ್ಯಾನದಲ್ಲಿ ಸಂಗೀತ ಕಾರಂಜಿ ಇದೆ, ವಿವರಗಳಿಗೆ ಈ ನಂಬರಿಗೆ ಫೋನು ಮಾಡಿ.

ಸೂತ್ರ ಹೊರಹರಿವು ಎಂಬ ಪದವನ್ನು ಕಂಡಿತ್ತು. ನಡುವೆ ಏನಾದರೂ ಇರಲಿ, ಎಷ್ಟಾದರೂ ಇರಲಿ ಎಂದು ದಾಟಿಕೊಂಡು ಹೋಗಿತ್ತು. ಮೊದಲು ಸಿಕ್ಕ ಸಂಖ್ಯೆಯನ್ನು ಹಿಡಿದುಕೊಂಡು ಬಂದಿತ್ತು.

"ಅದು ಫೋನ್ ನಂಬರ್," ಎಂದ ಪ್ರಮಥ, ನೆಲ ನೋಡುತ್ತ.

"ಏನು?" ಎಂದಳು ಲಗಮವ್ವ.

"ಫೋನ್ ನಂಬರನ್ನು ಯಂತ್ರ ನೀರು ಅಂತ ತಿಳ್ಕೊಂಡಿತು, ಅವ್ವಾ."

ಅಷ್ಟು ಕ್ಯೂಸೆಕ್ ನೀರು ನಿಜವಾಗಿ ಬಿಟ್ಟಿದ್ದರೆ ಆಶ್ರಮ, ಊರು, ತಾಲ್ಲೂಕು ಕಚೇರಿ ಎಲ್ಲ ಆಗಲೇ ಸಮುದ್ರ ಸೇರಿರಬೇಕಿತ್ತು.

"ತಮ್ಮಾ, ಫೋನ್ ನಂಬರ್ ಬಂದ್ರ ಫೋನ್ ಮಾಡ್ತಾರ. ಕುರಿ ಹೊಡ್ಕೊಂಡು ಓಡೂದಿಲ್ಲ."

"ತಪ್ಪಾಯ್ತು, ಅವ್ವಾ."

"ನಿಂದು ತಪ್ಪಾಯ್ತು. ನನ್ನ ಟಗರಿಂದು ಕಾಲ್ ಮುರೀತು. ಇನ್ನೊಮ್ಮೆ ಹಿಂಗ ಕೆಂಪ್ ಅರಿವಿ ಕಟ್ಟಿದ್ಯೋ, ನಾ ಆ ಮರದ ಕಡೆ ನೋಡಂಗಿಲ್ಲ. ಗಡ್ಡಿ ಮ್ಯಾಲ ಹಾಯಾಗಿ ಕುಂಡರ್ತೀನಿ. ಕುಣಿ ನೀ, ನಿನ್ನ ಕೆಂಪ್ ಅರಿವಿ ಹಿಡ್ಕೊಂಡು."

ಅವಳು ಇನ್ನೂ ಬಹಳ ಹೊತ್ತು ಬೈದಳು. ಪ್ರಮಥನ ಊರನ್ನು, ಅವನ ಮನೆತನವನ್ನು, ಅವನಿಗೆ ಅಕ್ಷರ ಕಲಿಸಿದವರನ್ನು ಪ್ರಸ್ತಾಪಿಸಿದಳು. ಗುರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡರು. ಮಧ್ಯೆ ಒಮ್ಮೆ ಅವಳಿಗೆ ಕುಡಿಯಲು ಮಜ್ಜಿಗೆ ತರಿಸಿಕೊಟ್ಟರು, ಮೊದಲು ತಾವೇ ಮೂಸಿ ನೋಡಿ.

ಅವಳು ಕುಡಿದು, ಉಳಿದದ್ದನ್ನು ಬೈದು, ಹೋದಳು.

ಪ್ರಮಥ ಅವತ್ತು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಗುರುವಿನ ಮುಂದೆ ಬಂದು ನಿಂತ.

"ಗುರುಗಳೇ, ಸರಿಮಾಡಿದೆ. ಇನ್ನೊಂದು ಸೂತ್ರ ಬರೆದೆ. ಮೊದಲು ಅದು ಆ ತೆವಳುವ ಸಾಲನ್ನು ಪುಟದಿಂದ ಕಿತ್ತು ಹಾಕುತ್ತದೆ. ಆಮೇಲೆ ಹಳೆಯ ಸೂತ್ರ ಉಳಿದದ್ದರಲ್ಲಿ ಹುಡುಕುತ್ತದೆ."

"ಕಿತ್ತು ಎಲ್ಲಿಡುತ್ತದೆ?"

"ಇಡುವುದಿಲ್ಲ. ಬಿಸಾಡುತ್ತದೆ."

"ನೋಡಿ ಬಿಸಾಡುತ್ತದೆಯೋ, ನೋಡದೆಯೋ?"

"ಅದರಲ್ಲಿ ನೋಡುವಂಥದ್ದು ಏನಿದೆ, ಗುರುಗಳೇ? ಹೋದ ವರ್ಷದ ಹಬ್ಬದ ಶುಭಾಶಯ ಇನ್ನೂ ತೆವಳುತ್ತಿದೆ. ಅದನ್ನು ಬರೆದವನೇ ಓದಿರಲಿಕ್ಕಿಲ್ಲ."

"ಯಾರೂ ಓದದ ಜಾಗದಲ್ಲಿ ಅದನ್ನೇಕೆ ಹಾಕುತ್ತಾರೆ?"

"ಎಲ್ಲರೂ ಓದಲಿ ಎಂದು."

ಗುರು ತಲೆದೂಗಿದರು. ಒಪ್ಪಿಗೆಯೆಂದು ಪ್ರಮಥ ಹೊರಟುಹೋದ.

ಮಧ್ಯಾಹ್ನ ಅವನು ಅಡುಗೆಮನೆಯ ಹಿಂದೆ ಹೋದಾಗ ಗುರು ನೆಲದ ಮೇಲೆ ಕೂತಿದ್ದರು. ರಾಚಯ್ಯ ಅಕ್ಕಿ ಆರಿಸಿ ಎಸೆದಿದ್ದ ಕಲ್ಲುಗಳನ್ನು ಮೊರದಲ್ಲಿ ಗುಡ್ಡೆ ಹಾಕಿಕೊಂಡಿದ್ದರು. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

"ಏನು ಮಾಡುತ್ತಿದ್ದೀರಿ, ಗುರುಗಳೇ?"

"ಕಲ್ಲಿನಲ್ಲಿ ಅಕ್ಕಿ ಹುಡುಕುತ್ತಿದ್ದೇನೆ."

"ಎಲ್ಲರೂ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾರೆ."

"ಅದಕ್ಕೇ ಈ ಕಡೆ ಗದ್ದಲ ಕಡಿಮೆ."

"ಸಿಕ್ಕಿತೇ?"

"ಇಲ್ಲ."

"ನಾಳೆಯೂ ಸಿಗುವುದಿಲ್ಲ."

"ಸಿಗದಿರಲಿ," ಎಂದು ಗುರು ಇನ್ನೊಂದು ಕಲ್ಲು ಎತ್ತಿಕೊಂಡರು.

ಅಡುಗೆಮನೆಯ ಕಿಟಕಿಯಿಂದ ರಾಚಯ್ಯ ಇಣುಕಿದ. "ಅಜ್ಜಾರಿಗೆ ನನ್ನ ಕೈಯ ಮೇಲೂ ಅನುಮಾನ ಬಂತು," ಎಂದು ಗೊಣಗಿ ಕಿಟಕಿ ಹಾಕಿಕೊಂಡ.

ಅಂದಿನಿಂದ ಎಲ್ಲವೂ ಸುಗಮ. ಯಂತ್ರ "ಬಿಳಿ" ಎನ್ನುತ್ತಿತ್ತು, ಪ್ರಮಥ ಬಿಳಿ ಎನ್ನುತ್ತಿದ್ದ, ಮರದ ಮೇಲೆ ಬಿಳಿ ಬಟ್ಟೆ ಹಾರುತ್ತಿತ್ತು. ಲಗಮವ್ವ ಮತ್ತೆ ನಡುಗಡ್ಡೆ ಸೇರಿದಳು. ಕುರಿಗಳು ಈದು ಮರಿಗಳು ಹೆಚ್ಚಾದವು. ಟಗರಿನ ಕಾಲು ಪಟ್ಟಿಯೊಳಗೆ ಕೂಡಿಕೊಳ್ಳುತ್ತಿತ್ತು.

ಮಳೆಗಾಲ ಶುರುವಾಯಿತೆಂದು ಪಂಚಾಂಗ ಹೇಳಿತು. ಆಶ್ರಮದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಆಕಾಶ ತೊಳೆದಿಟ್ಟ ಹಾಗೆ ಇತ್ತು.

ಅಂಥ ಒಂದು ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಗುರು ಕೇಳಿದರು, "ಇವತ್ತು ಏನು?"

"ಬಿಳಿ, ಗುರುಗಳೇ."

"ನಿನ್ನೆ?"

"ಬಿಳಿ."

"ಸಂಖ್ಯೆ?"

"ನಿನ್ನೆಯದೇ. ಒಂದಿಷ್ಟೂ ಬದಲಾಗಿಲ್ಲ."

ಗುರು "ನನಗೆ ಅನುಮಾನ," ಎಂದರು.

"ಯಾವುದರ ಮೇಲೆ, ಗುರುಗಳೇ? ಹೊಳೆಯ ಮೇಲೋ, ಕಚೇರಿಯ ಮೇಲೋ, ಸೂತ್ರದ ಮೇಲೋ?"

"ನಿನ್ನ ಮೇಲೆ. ಇಷ್ಟು ದಿನವಾದರೂ ನಿನಗೆ ಒಂದು ಸಲವೂ ಅನುಮಾನ ಬಂದಿಲ್ಲ."

ಅವರು ಎದ್ದು ಕೋಲು ಊರಿಕೊಂಡು ದಡಕ್ಕೆ ಹೋದರು. ಪ್ರಮಥ ಹಿಂದೆಯೇ ಬಂದ. ಗುರು ಬೇವಿನ ಮರವನ್ನು ತಡಕಿ, ಬಿಳಿ ಬಟ್ಟೆಯ ಗಂಟು ಬಿಚ್ಚಿ, ಬಟ್ಟೆಯನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡರು.

"ಗುರುಗಳೇ! ಕೆಂಪು ಕಟ್ಟುವುದಕ್ಕೆ ಕಾರಣವೇ ಇಲ್ಲ."

"ಕೆಂಪು ಕಟ್ಟಿಲ್ಲ."

"ಬಿಳಿಯೂ ಇಲ್ಲವಲ್ಲ."

"ಬಿಳಿ ಕಟ್ಟುವುದಕ್ಕೂ ಕಾರಣ ಕಾಣುತ್ತಿಲ್ಲ. ನನಗಂತೂ ಏನೂ ಕಾಣುವುದಿಲ್ಲ. ನಿನಗೆ ಕಾಣುತ್ತದೆ, ನೀನು ನೋಡಿಲ್ಲ."

ಬರಿದಾದ ಮರವನ್ನು ಆಚೆಯಿಂದ ಲಗಮವ್ವ ನೋಡಿದಳು. ಅಂಥದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಅಜ್ಜಾರ! ಅರಿವಿ ಒಗ್ಯಾಕ ಹಾಕೀರೇನು?"

"ಇನ್ನೂ ಗೊತ್ತಿಲ್ಲ!" ಎಂದು ಗುರು ಕೂಗಿದರು.

"ಏನ್ ಗೊತ್ತಿಲ್ಲ?"

"ಏನೂ ಗೊತ್ತಿಲ್ಲ!"

ಲಗಮವ್ವ ನಕ್ಕಳು. ಆ ನಗು ನೀರಿನ ಮೇಲೆ ತೇಲಿ ದಡದವರೆಗೂ ಬಂತು. ಪ್ರಮಥನ ಮುಖ ಸಣ್ಣದಾಯಿತು.

"ಒಳಗೆ ಹೋಗೋಣ," ಎಂದರು ಗುರು. "ಪುಟ ತೆರೆ. ಸೂತ್ರ ಬೇಡ. ಇರುವ ಹಾಗೆ ತೆರೆ. ಮೇಲಿನಿಂದ ಓದುತ್ತ ಬಾ, ನಾನು ಕೇಳುತ್ತೇನೆ."

ಪ್ರಮಥ ಕೂತು ಪುಟ ತೆರೆದ. ಮೊದಲು ಹೊರಹರಿವಿನ ಕೋಷ್ಟಕ ನೋಡಿದ. ಸೂತ್ರ ತಂದ ಸಂಖ್ಯೆಯೇ ಅಲ್ಲಿತ್ತು. ಅವನ ಜೀವಕ್ಕೆ ಸಮಾಧಾನವಾಯಿತು.

"ಸರಿಯಾಗಿದೆ, ಗುರುಗಳೇ. ಹೊರಹರಿವು ನಿನ್ನೆಯಷ್ಟೇ."

"ಮೇಲಿನಿಂದ ಎಂದೆ."

ಎಲ್ಲಕ್ಕಿಂತ ಮೇಲೆ ಆ ಸಾಲು ತೆವಳುತ್ತಿತ್ತು. ಪ್ರಮಥ ಓದತೊಡಗಿದ.

"ಅಣೆಕಟ್ಟೆಯ ಜಾಲತಾಣಕ್ಕೆ ಸರ್ವರಿಗೂ ಆದರದ ಸ್ವಾಗತ."

"ಮುಂದೆ."

"ಇನ್ನೂ ಬಂದಿಲ್ಲ, ಗುರುಗಳೇ. ನಿಧಾನ."

ಆ ಸಾಲಿಗೆ ಅವಸರವೆಂಬುದು ಇರಲಿಲ್ಲ. ಒಂದು ಅಕ್ಷರ ಬಲಗಡೆ ಹುಟ್ಟಿ, ಪೂರ್ತಿ ಈಚೆ ಬಂದು, ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತಿತ್ತು. ಬೇಗ ಓದಬೇಕೆಂದವನು ಏನೂ ಮಾಡುವಂತಿರಲಿಲ್ಲ.

"ನಾಡಿನ ಸಮಸ್ತ ಜನತೆಗೆ ದೀಪಾವಳಿಯ ಹಾರ್ದಿಕ ಶುಭಾಶಯಗಳು."

"ಮುಂದೆ."

"ಉದ್ಯಾನದ ಸಂಗೀತ ಕಾರಂಜಿ ದುರಸ್ತಿಯಲ್ಲಿದೆ. ಸಹಕರಿಸಿ."

"ಮುಂದೆ."

"ನೋಡಿದಿರಾ, ಗುರುಗಳೇ? ಇದನ್ನೇ ನಾನು ಬಿಸಾಡಿದ್ದು."

"ಮುಂದೆ."

ಸಾಲು ತೆವಳಿತು. ಪ್ರಮಥ ಆಕಳಿಸಿದ. ಆಕಳಿಸಿದ ಬಾಯಿ ಹಾಗೆಯೇ ನಿಂತಿತು.

"ಏನು?" ಎಂದರು ಗುರು.

"ಮೇಲಿನ ಘಟ್ಟದಲ್ಲಿ... ಭಾರಿ ಮಳೆಯಾಗುತ್ತಿರುವುದರಿಂದ..."

"ಓದು."

"ಬರುತ್ತಿದೆ... ಇಂದು ಮಧ್ಯಾಹ್ನ... ಅಣೆಕಟ್ಟೆಯ..."

ಇಬ್ಬರೂ ಕಾದರು. ಪರದೆಯ ಬಲ ಅಂಚಿನಿಂದ ಒಂದೊಂದೇ ಅಕ್ಷರ ಹೊರಬರುತ್ತಿತ್ತು.

"ಎಲ್ಲ ಗೇಟುಗಳನ್ನು ತೆರೆಯಲಾಗುವುದು. ನದೀತೀರ ಮತ್ತು ನಡುಗಡ್ಡೆಗಳಲ್ಲಿ ಇರುವವರು..."

ಮುಂದಿನ ಅಕ್ಷರ ಬರುವ ಹೊತ್ತಿಗೆ ಪ್ರಮಥ ಅಲ್ಲಿರಲಿಲ್ಲ.

ಕೋಷ್ಟಕದಲ್ಲಿ ಸುಳ್ಳಿರಲಿಲ್ಲ. ಗೇಟು ಆಗ ಇನ್ನೂ ತೆರೆದಿರಲಿಲ್ಲ. ಸೂತ್ರದಲ್ಲಿ ದೋಷವಿರಲಿಲ್ಲ. ಹೇಳಿದ್ದನ್ನು ಮಾಡಿತ್ತು.

ಪ್ರಮಥ ಕೆಂಪು ಬಟ್ಟೆ ಕಟ್ಟಿ, ಎರಡೂ ಕೈ ಬೀಸಿದ. ಲಗಮವ್ವ ನಡುಗಡ್ಡೆಯ ಮೇಲೆ ಕೂತು ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದಳು. ಬಟ್ಟೆಯನ್ನು ನೋಡಿದಳು. ಏಳಲಿಲ್ಲ.

"ಈ ಸಲ ಯಾರ ಫೋನ್ ನಂಬರೋ, ತಮ್ಮಾ?" ಎಂದು ಕೂಗಿದಳು.

ಅವಳ ಮನೆಯವರೆಲ್ಲ ನಕ್ಕರು.

ಪ್ರಮಥ ಮತ್ತೆ ಕೈ ಬೀಸಿದ. ಅವರೂ ಕೈ ಬೀಸಿದರು.

ಅವನು ನೀರಿಗಿಳಿದ. ಈಜು ಬರುತ್ತಿರಲಿಲ್ಲ. ನೀರು ಮೊಣಕಾಲಿಗಿಂತ ಮೇಲಿತ್ತೋ, ಭಯಕ್ಕೆ ಹಾಗೆ ಅನ್ನಿಸಿತೋ, ಅವನಿಗೆ ತಿಳಿಯಲಿಲ್ಲ. ಜಾರಿದ, ಎದ್ದ, ಮತ್ತೆ ಜಾರಿದ. ನಡುಗಡ್ಡೆ ಹತ್ತುವಾಗ ಮೈಯೆಲ್ಲ ಕೆಸರಾಗಿತ್ತು.

"ಅವ್ವಾ, ಏಳು. ಗೇಟ್ ತೆರೀತಾರೆ."

ಲಗಮವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾರ್ ಹೇಳಿದ್ರು? ನಿನ್ನ ಮಿಷನ್ನಾ?"

"ಮಿಷನ್ ಬಿಳಿ ಅಂತು."

"ಬಿಳಿ ಅಂದ್ರ ಇರಬೇಕು, ಹೌದಿಲ್ಲೋ?"

"ಮಿಷನ್ ಬಿಳಿ ಅಂತು, ನಾನು ಓದಿದೆ, ಅವ್ವಾ. ನಾನೇ ಓದಿದೆ. ಕಣ್ಣಿಂದ."

"ಪೂರಾ ಓದಿದ್ಯೋ, ಅರ್ಧಾ ಓದಿ ಓಡಿ ಬಂದ್ಯೋ?"

"ಗೇಟ್ ತೆರೀತಾರೆ ಅನ್ನೋವರೆಗೂ ಓದಿದೆ. ಆಮೇಲಿಂದು ಓದಿಲ್ಲ."

ಲಗಮವ್ವ ಮರಿಯನ್ನು ಕೆಳಗಿಳಿಸಿ ಎದ್ದಳು. "ಈಗ ನಿಜ ಹೇಳಿದಿ," ಎಂದು ಮನೆಯವರ ಕಡೆ ತಿರುಗಿದಳು. "ಏಳ್ರೋ! ಮರಿ ಕಟ್ಕೊಳ್ರಿ!"

ಪ್ರಮಥನಿಗೆ ಟಗರನ್ನು ಹೊರಿಸಿದರು. ಪಟ್ಟಿ ಕಟ್ಟಿದ ಕಾಲು ಅವನ ಮೂಗಿಗೆ ಬಡಿಯುತ್ತಿತ್ತು. ಟಗರು ಬಹಳ ತೂಕವಿತ್ತು, ವಾಸನೆಯೂ ಇತ್ತು, ಹೊತ್ತವನ ಮೇಲೆ ಅದಕ್ಕೆ ಯಾವ ಗೌರವವೂ ಇದ್ದಂತಿರಲಿಲ್ಲ. ಅವನು ನಡೆದ.

ಕೊನೆಯ ಕುರಿಗಳು ನೀರಿನಲ್ಲಿದ್ದಾಗಲೇ ಹೊಳೆಯ ಬಣ್ಣ ಬದಲಾಯಿತು. ತಿಳಿಯಾಗಿದ್ದದ್ದು ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊಣಕಾಲಿಗಿದ್ದದ್ದು ಸೊಂಟಕ್ಕೆ ಬಂತು. ಲಗಮವ್ವ ಎಲ್ಲರ ಹಿಂದೆ ಇದ್ದಳು. ಒಂದು ಕೈಯಲ್ಲಿ ಮರಿ, ಇನ್ನೊಂದು ಕೈಯಲ್ಲಿ ಒಂದು ಮುದಿ ಕುರಿಯ ಕೊರಳು. ಅವಳ ಮನೆಯವರು ಕೈಗೆ ಕೈ ಹಿಡಿದು ಸಾಲಾಗಿ ನೀರಿಗಿಳಿದು ಅವಳನ್ನು ಎಳೆದುಕೊಂಡರು. ಸಾಲಿನ ತುದಿಯಲ್ಲಿ ಪ್ರಮಥ ಬೇವಿನ ಬೇರನ್ನು ತಬ್ಬಿಕೊಂಡಿದ್ದ.

ಅವಳು ದಡ ಹತ್ತಿದಳು. ಹಿಂದೆ ತಿರುಗಿ ನೋಡಿದಾಗ ಗುಡಾರ ತೇಲುತ್ತಿತ್ತು. ಇನ್ನೊಮ್ಮೆ ನೋಡಿದಾಗ ಗುಡಾರ ಇರಲಿಲ್ಲ. ನಡುಗಡ್ಡೆ ಎಲ್ಲಿತ್ತು ಎಂದು ಹೇಳಲು ಒಂದು ಜಾಲಿಗಿಡದ ತುದಿ ಮಾತ್ರ ಉಳಿದಿತ್ತು.

ಕುರಿಗಳು ಮೈ ಕೊಡವಿಕೊಂಡವು.

ಮೊದಲು ಬಾಯಿ ತೆರೆದವಳು ಲಗಮವ್ವ.

"ತಮ್ಮಾ, ನೀ ಒಂದ್ ತಾಸ್ ಮೊದ್ಲ ಓದಿದ್ರ ಜೋಳದ ಚೀಲನೂ ಬರ್ತಿತ್ತು. ನನ್ನ ರೊಟ್ಟಿ ಹಂಚೂ ಬರ್ತಿತ್ತು. ನನ್ನವ್ವನ ಕಾಲದ್ದು ಆ ಹಂಚು. ಎ‌ಲ್ಲಾ ಬಿಟ್ಟು ಟಗರ್ ಹೊತ್ಕೊಂಡು ಬಂದೀದಿ, ಶಾಣ್ಯಾ."

"ಟಗರು ನೀನೇ ಹೊರಿಸಿದ್ದು, ಅವ್ವಾ."

"ಎದುರ್ ಮಾತಾಡ್ತೀಯೇನೋ?"

ಅವಳು ಬೈಯುತ್ತಲೇ ಇದ್ದಳು. ಬೈಯುತ್ತ ಸೆರಗಿನಿಂದ ಅವನ ಮುಖದ ಕೆಸರು ಒರೆಸಿದಳು. ಕೆಸರು ಹೋಗದಿದ್ದಕ್ಕೆ ಅದನ್ನೂ ಬೈದಳು.

ಆ ಸಂಜೆ ಆಶ್ರಮದ ಅಂಗಳದ ತುಂಬ ಕುರಿಗಳು. ರಾಚಯ್ಯ ಎಲ್ಲರಿಗೂ ಅಡುಗೆ ಮಾಡುತ್ತಿದ್ದ. ಗುರು ಜಗುಲಿಯ ಮೇಲೆ ಕೂತಿದ್ದರು. ಪ್ರಮಥ ಬಂದು ಅವರ ಕಾಲ ಬಳಿ ಕೂತ.

"ಗುರುಗಳೇ, ನಿಮಗೆ ಹೇಗೆ ಗೊತ್ತಾಯಿತು?"

"ಗೊತ್ತಾಗಲಿಲ್ಲ. ಅನುಮಾನ ಬಂತು."

"ನಿಮ್ಮ ಅನುಮಾನ ನಿಜವಾಯಿತು."

"ಮೊನ್ನೆ ಮೊಸರಿನ ಮೇಲೂ ಬಂದಿತ್ತು. ಮೊಸರು ಚೆನ್ನಾಗಿತ್ತು."



"ಸೂತ್ರವನ್ನು ಅಳಿಸಿಬಿಡಲೇ?"

"ಯಾಕೆ? ಅದು ಸಂಖ್ಯೆ ತರಲಿ. ಅದಕ್ಕೆ ಬರುವುದು ಅದೊಂದೇ ಕೆಲಸ."

"ಹಾಗಾದರೆ ಪುಟವನ್ನು ನಾನೇ ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ, ದಿನವೂ. ಆ ಸಾಲು ಪೂರ್ತಿ ತೆವಳುವವರೆಗೆ ಕಾಯುತ್ತೇನೆ. ಓದಿ ಅನುಮಾನ ಬಂದರೆ ಕೆಂಪು ಕಟ್ಟಲೇ?"

"ಕಟ್ಟು."

"ನನ್ನ ಅನುಮಾನವೂ ಮೊಸರಿನದರ ಹಾಗೆ ಸುಳ್ಳಾಗಬಹುದು, ಗುರುಗಳೇ. ಬಹಳ ಸಲ ಸುಳ್ಳೇ ಆಗಬಹುದು."

"ಆಗಲಿ."

"ಅವಳು ಮರದ ಕಡೆ ನೋಡುವುದನ್ನೇ ಬಿಟ್ಟರೆ?"

"ನೀರಿಗಿಳಿದು ಹೋಗಿ ಹೇಳು. ದಾರಿ ಗೊತ್ತಾಯಿತಲ್ಲ."

ಅಂಗಳದ ಆ ಕಡೆ ಲಗಮವ್ವ ತನ್ನ ಹಂಚಿನ ಗುಣಗಳನ್ನು ರಾಚಯ್ಯನಿಗೆ ವಿವರಿಸುತ್ತಿದ್ದಳು. ನಡುನಡುವೆ ಪ್ರಮಥನ ಹೆಸರು ಕೇಳಿಸುತ್ತಿತ್ತು. ಯಾವುದೂ ಹೊಗಳಿಕೆಯಾಗಿರಲಿಲ್ಲ.

ಪ್ರಮಥ ದನಿ ತಗ್ಗಿಸಿದ. "ಪ್ರತಿ ಸಲ ಸುಳ್ಳಾದಾಗಲೂ ಅವಳು ಬಂದು ಹೀಗೇ ಬೈಯುತ್ತಾಳೆ, ಗುರುಗಳೇ."

"ಬೈಯಲಿ," ಎಂದರು ಗುರು. "ಬೈಯಬೇಕಾದರೆ ಅವಳು ಇರಬೇಕಲ್ಲ."